ಕರಿಕಲ್ಲು ನೋಡಿ ಬರುವ ಕೀಲಿಯಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ದ್ವೀಪದ ತುದಿಯಿಂದ ಹಳೆಯ ಕೋಟೆಗೆ ಹೋಗುವ ಕಲ್ಲುದಾರಿಯ ನಟ್ಟನಡುವೆ, ರಸ್ತೆ ತಗ್ಗಿಗೆ ಇಳಿಯುವ ಜಾಗದಲ್ಲಿ, ನಲವತ್ತು ದಾಟಿದ ಹೆಂಗಸೊಬ್ಬರು ಮಂಡಿಯೂರಿ ಕೂತಿದ್ದಾರೆ. ಕಾಲಿಗೆ ಗಂಡನ ಗಂಬೂಟು. ಅಳತೆಗಿಂತ ದೊಡ್ಡದು, ಹೆಜ್ಜೆಯಿಟ್ಟರೆ ಲೊಟಕ್ ಲೊಟಕ್ ಎನ್ನುತ್ತದೆ. ಕೈಯಲ್ಲಿ ತಂತಿಬ್ರಷ್ಷು, ಪಕ್ಕದಲ್ಲಿ ಕಪ್ಪು ಪೇಂಟಿನ ಸಣ್ಣ ಡಬ್ಬಿ. ಎದುರಿಗೆ ಸೊಂಟದೆತ್ತರದ ಒಂದು ಕಲ್ಲು.

ಕಲ್ಲಿನ ಮೈಯ ಒಂದು ಕುಳಿಯಲ್ಲಿ ಉಗುರಿನಷ್ಟು ಬಿಳಿ ಇಣುಕುತ್ತಿದೆ. ಅದನ್ನು ಕೆರೆಯುತ್ತಾರೆ, ಉಫ್ ಎಂದು ಊದುತ್ತಾರೆ, ಬೆರಳ ತುದಿಯಿಂದಲೇ ಕಪ್ಪು ಮೆತ್ತುತ್ತಾರೆ. ಆಮೇಲೆ ಎದ್ದು ಹೋಗಿ ದೂರದಲ್ಲಿ ನಿಲ್ಲಿಸಿದ ಕಾರಿನ ಡ್ರೈವರ್ ಸೀಟಿನಲ್ಲಿ ಕೂರುತ್ತಾರೆ. ಗಾಜಿನ ಮೂಲಕ ಕಲ್ಲನ್ನು ನೋಡುತ್ತಾರೆ. ದಾರಿಯ ಎರಡೂ ಬದಿಗೆ ಸಾಲಾಗಿ ಬಿಳಿ ಬಳಿದ ಕಲ್ಲುಗಳು, ನಡುವೆ ಇದೊಂದು ಮಾತ್ರ ಕಪ್ಪು.

"ಕಾಣಿಸ್ತಿದೆ," ಎಂದು ತಮಗೆ ತಾವೇ ಹೇಳಿಕೊಂಡು ಕಾರು ತಿರುಗಿಸುತ್ತಾರೆ.

"ದಿನಾ ಹೋಗ್ಬೇಕಾ, ಕಲ್ಲೇನು ಎದ್ದು ಓಡಿಹೋಗುತ್ತಾ ಅಂತ ನಮ್ಮತ್ತೆ ಕೇಳ್ತಾರೆ. ಓಡಿಹೋಗಲ್ಲ ಅತ್ತೆ, ಬಿಳಿಯಾಗುತ್ತೆ ಅಂತೀನಿ. ಅವರು ಮೂಗು ಮುರೀತಾರೆ."

ದ್ವೀಪದಲ್ಲಿ ಇವರನ್ನು ಎಲ್ಲರೂ ಕರೆಯುವುದು ಕೀಲಿಯಕ್ಕ ಎಂದೇ. ದೋಣಿಕಟ್ಟೆಯ ಮೇಲಿನ ದಿಬ್ಬದಲ್ಲಿ ಬಾಡಿಗೆ ಕಾರುಗಳ ಅಂಗಳವಿದೆ. ಅಲ್ಲಿ ಕಾರು ತೊಳೆಯುವವರು, ಟೈರಿನ ಗಾಳಿ ನೋಡುವವರು, ಕೀಲಿ ಕೊಡುವವರು ಎಲ್ಲ ಇವರೇ. ಗಂಡ ಅಲ್ಲಿಯೇ ಮೆಕ್ಯಾನಿಕ್. ಮಾಲೀಕ ಆಚೆ ದಡದಲ್ಲಿದ್ದಾನೆ, ಫೋನಿನಲ್ಲಿ ಮಾತ್ರ ಬದುಕಿರುವ ಮನುಷ್ಯ. ಮದುವೆಯಾಗಿ ಬಂದ ಹೊಸತರಲ್ಲಿ ಗಂಡನಿಗೆ ಜ್ಯಾಕ್ ಜಾರಿ ಸೊಂಟ ಉಳುಕಿತು, ತಿಂಗಳುಗಟ್ಟಲೆ ಹಾಸಿಗೆ. ಅವರ ಬದಲಿಗೆ ಬಕೆಟ್ ಹಿಡಿದು ಅಂಗಳಕ್ಕೆ ಇಳಿದವರು ಇವತ್ತಿನವರೆಗೂ ಬಕೆಟ್ ಕೆಳಗಿಟ್ಟಿಲ್ಲ.

ಇಲ್ಲಿ ಕಾರಿಗೆ ಶತ್ರು ಉಪ್ಪು. ರಾತ್ರಿ ಗಾಳಿ ಬೀಸಿದರೆ ಬೆಳಿಗ್ಗೆ ಗಾಜಿನ ಮೇಲೆ ಬೂದಿ ಎರಚಿದ ಹಾಗೆ ಕೂತಿರುತ್ತದೆ. ಒಂದೇ ಒಂದು ದಿನ ತೊಳೆಯದಿದ್ದರೆ ಬಾಗಿಲಿನ ಕೀಲುಗಳು ನರಳಲು ಶುರು. ಅಂಗಳದ ಹತ್ತೂ ಕಾರುಗಳನ್ನು ಸಿಹಿನೀರಿನಲ್ಲಿ ತೊಳೆದು ಮುಗಿಸುವಷ್ಟರಲ್ಲಿ ಮೊದಲ ದೋಣಿ ಬರುತ್ತದೆ. ಚಳಿಗಾಲದಲ್ಲಿ ಬೆರಳು ಸೆಟೆದುಕೊಂಡು, ಟೀ ಲೋಟ ಹಿಡಿಯಲು ಎರಡು ಕೈ ಬೇಕಾಗುತ್ತವೆ. "ನಮ್ಮ ಸೊಸೆ ಮಗು ಎತ್ತಿದ್ದಕ್ಕಿಂತ ಹೆಚ್ಚು ಸಲ ಕಾರಿನ ಮ್ಯಾಟ್ ಎತ್ತಿದಾಳೆ," ಎಂದು ಅತ್ತೆ ಅಂಗಳದ ಪಕ್ಕದ ಮನೆಬಾಗಿಲಲ್ಲಿ ಕೂತು ಎಲ್ಲರಿಗೂ ಕೇಳುವಂತೆ ಹೇಳುತ್ತಾರೆ. ಹೊಗಳಿಕೆಯೋ ಬೈಗುಳವೋ ಸೊಸೆ ಇನ್ನೂ ಕೇಳಿಲ್ಲ.

ದೋಣಿಯಿಂದ ಇಳಿದವರಿಗೆ ಬೇಕಾಗಿರುವುದು ಕಾರು. ದ್ವೀಪದಲ್ಲಿ ಬಸ್ಸಿಲ್ಲ, ನೋಡುವ ಜಾಗಗಳೆಲ್ಲ ಚದುರಿ ಬಿದ್ದಿವೆ. ಒಂದು ಕಡೆ ಹಳೆಯ ಸೆರೆಮನೆ, ಇನ್ನೊಂದು ಕಡೆ ನಾವಿಕರ ಸಮಾಧಿಗಳು, ದೀಪಸ್ತಂಭ. ಎಲ್ಲಕ್ಕಿಂತ ಆಚೆ, ಸಮುದ್ರದೊಳಗಿನ ಬಂಡೆಯ ಮೇಲೆ ಕೋಟೆ. ಕೀಲಿ ಕೊಡುವಾಗ ಕೀಲಿಯಕ್ಕ ಎರಡು ಮಾತು ಹೇಳುತ್ತಿದ್ದರು. ಒಂದು, ಕಾರಿಗೆ ಲಾಕ್ ಹಾಕಬೇಡಿ, ಇಲ್ಲಿ ಕದ್ದವನು ಓಡಿಹೋಗಲು ಊರೇ ಇಲ್ಲ. ಎರಡನೆಯದು ಕೋಟೆಯ ಮಾತು: "ಕಲ್ಲುದಾರಿ ನಡುವೆ ಒಂದು ಕರಿಕಲ್ಲಿದೆ. ಅದರ ಬುಡ ಒದ್ದೆಯಾಗಿದ್ರೆ ಮುಂದೆ ಹೋಗ್ಬೇಡಿ, ವಾಪಸ್ ಬಂದ್ಬಿಡಿ."

ಉಬ್ಬರದ ನೀರು ಮೊದಲು ಮುಟ್ಟುವುದು ತಗ್ಗಿನ ಆ ಕಲ್ಲನ್ನು. ಅದರ ಬುಡ ನೆನೆದ ಮೇಲೆ ಒಂದು ಊಟ ಮುಗಿಸುವ ಹೊತ್ತಿಗೆ ದಾರಿಯೇ ಮಾಯ. ಮಂಜಿನಲ್ಲಿ ಅಂಚು ಕಾಣಲೆಂದು ಉಳಿದ ಕಲ್ಲುಗಳಿಗೆ ಪ್ರತಿ ಸೀಸನ್ನಿಗೂ ಮುಂಚೆ ಬಿಳಿ ಬಳಿಯುತ್ತಾರೆ. ಅದೊಂದನ್ನು ಬಿಡುತ್ತಾರೆ. ಹಾಗೆಂದು ಎಲ್ಲಿಯೂ ಬರೆದಿಟ್ಟಿಲ್ಲ. ದ್ವೀಪದಲ್ಲಿ ಹುಟ್ಟಿದ ಪ್ರತಿ ಮಗುವಿಗೂ ಗೊತ್ತಿರುವುದನ್ನು ಯಾರು ಬರೆಯುತ್ತಾರೆ?

ಕಳೆದ ಸೀಸನ್ನಿನ ಹೊತ್ತಿಗೆ, ವರ್ಷವರ್ಷವೂ ಆ ಕೆಲಸ ಮಾಡುತ್ತಿದ್ದ ಪೇಂಟರಜ್ಜ ತೀರಿಕೊಂಡಿದ್ದರು. ಆಚೆ ದಡದಿಂದ ಹೊಸಬರು ಬಂದರು. ಕೆಲಸದಲ್ಲಿ ಚುರುಕು, ಒಂದೇ ಇಳಿತದಲ್ಲಿ ದಾರಿಯನ್ನು ಮುಗಿಸಿ, ಡಬ್ಬಿ ತೊಳೆದು, ಸಂಜೆಯ ದೋಣಿ ಹತ್ತಿದರು. ಒಂದು ಕಲ್ಲನ್ನೂ ಬಿಟ್ಟಿರಲಿಲ್ಲ.

ಅದಾದ ಎರಡನೆಯ ದಿನ ಅಕ್ಕತಂಗಿಯರಿಬ್ಬರು ಅಂಗಳಕ್ಕೆ ಬರುತ್ತಾರೆ. ಇಬ್ಬರಿಗೂ ಅರವತ್ತರ ಆಸುಪಾಸು, ಇಬ್ಬರೂ ಕೆಲಸದಿಂದ ನಿವೃತ್ತರು. ಕಾರು ಓಡಿಸುವುದು ಅಕ್ಕ, ದಾರಿ ಹೇಳುವುದು ತಂಗಿ, ಜಗಳ ಇಬ್ಬರಿಗೂ ಸಮಪಾಲು. ಕೀಲಿಯಕ್ಕ ಎರಡು ಮಾತನ್ನೂ ಹೇಳುತ್ತಾರೆ. ತಂಗಿ ಮತ್ತೆ ಕೇಳುತ್ತಾರೆ: "ಯಾವ ಕಲ್ಲು ಅಂದ್ರಿ?"

"ಕರೀದು. ಒಂದೇ ಇರೋದು, ತಪ್ಪಿಸ್ಕೊಳ್ಳೋ ಹಾಗೇ ಇಲ್ಲ."

"ಕೇಳಿಸ್ಕೊಂಡ್ಯೇನೇ ಅಕ್ಕಾ? ಕರಿಕಲ್ಲು. ನಿನಗೆ ಹೇಳ್ತಿರೋದು."

"ನನ್ನ ಕಿವಿ ಚೆನ್ನಾಗಿದೆ, ನಿನ್ನ ಬಾಯಿ ಮುಚ್ಚು. ಗೇರ್ ಎಲ್ಲಿದೆ ನೋಡೋಣ."

ಸೆರೆಮನೆ, ಸಮಾಧಿ, ದೀಪಸ್ತಂಭ ಸುತ್ತಿ ಅವರು ಕಲ್ಲುದಾರಿಗೆ ಇಳಿಯುವಾಗ ಸಂಜೆಯಾಗಿರುತ್ತದೆ. ಇತ್ತ ಅಂಗಳದಲ್ಲಿ ಕೀಲಿಯಕ್ಕ ವಾಪಸ್ ಬಂದ ಕಾರೊಂದಕ್ಕೆ ಪೈಪು ಹಿಡಿದಿದ್ದಾರೆ. ಸಮುದ್ರದ ಕಡೆಯಿಂದ ಹಾರ್ನ್ ಕೇಳುತ್ತದೆ. ಬಿಟ್ಟು ಬಿಟ್ಟು ಒಂದೆರಡು ಸಲ, ಆಮೇಲೆ ಕೈ ತೆಗೆಯದೆ ಒಂದೇ ಸಮ. ದಿಬ್ಬದ ಅಂಚಿಗೆ ಓಡಿ ನೋಡಿದರೆ ಕಲ್ಲುದಾರಿ ಅರ್ಧ ಇಲ್ಲ. ಇದ್ದ ಜಾಗದಲ್ಲಿ ನೀರು, ನೀರಿನ ನಡುವೆ ಎರಡು ಹೆಡ್‌ಲೈಟು.

ಆಮೇಲೆ ಹಾರ್ನ್ ನಿಂತುಹೋಗುತ್ತದೆ.

"ಹಾರ್ನ್ ಕೇಳ್ತಿದ್ದಾಗ ನನಗೆ ಭಯ ಆಗ್ಲಿಲ್ಲ. ನಿಂತಾಗ ಆಯ್ತು. ಕೈಯಲ್ಲಿದ್ದ ಪೈಪು ಎಲ್ಲಿ ಬಿಟ್ಟೆ ಅಂತ ಇವತ್ತಿಗೂ ಗೊತ್ತಿಲ್ಲ. ಇವರು ಪಿಕಪ್ ಸ್ಟಾರ್ಟ್ ಮಾಡಿ 'ಗಾಡಿ ಹತ್ತೇ, ಹತ್ತೇ' ಅಂತ ಕೂಗ್ತಿದ್ರೆ ನಾನು ಕಂಬದ ಹಾಗೆ ನಿಂತಿದ್ದೆ. ಅತ್ತೆ ಬಂದು ಬೆನ್ನಿಗೆ ಒಂದು ಬಿಟ್ರು ನೋಡಿ, ಆವಾಗ ಕಾಲು ಬಂತು."

ನೀರಿನಂಚಿಗೆ ಪಿಕಪ್ ನಿಲ್ಲಿಸಿ, ಅದರ ಹುಕ್ಕಿಗೆ ಹಗ್ಗದ ಒಂದು ತುದಿ, ತಮ್ಮ ಸೊಂಟಕ್ಕೆ ಇನ್ನೊಂದು ತುದಿ ಕಟ್ಟಿಕೊಂಡು ಮೆಕ್ಯಾನಿಕ್ ಇಳಿಯುತ್ತಾರೆ. ಉಳುಕಿದ ಸೊಂಟ. ನೀರು ಎದೆಗೆ ಬರುತ್ತದೆ. ಹೆಂಡತಿ ಹಗ್ಗ ಬಿಡುತ್ತ, ಎಳೆಯುತ್ತ, ಅಂಗೈ ಚರ್ಮ ಸುಲಿಯುತ್ತಿದ್ದರೂ ಗೊತ್ತಾಗದೆ ನಿಂತಿದ್ದಾರೆ. ಅಕ್ಕತಂಗಿಯರು ಕಾರಿನ ತಲೆಯ ಮೇಲೆ ಒಬ್ಬರನ್ನೊಬ್ಬರು ತಬ್ಬಿಕೊಂಡು ಕೂತಿದ್ದಾರೆ. ಮೊದಲು ತಂಗಿಯನ್ನು, ಆಮೇಲೆ ಅಕ್ಕನನ್ನು ಬೆನ್ನ ಮೇಲೆ ಹೊತ್ತು ತರುವಷ್ಟರಲ್ಲಿ ಅಲೆ ಕಾರಿನ ತಲೆಗೂ ಏರುತ್ತದೆ. ಹಿಂತಿರುಗಿ ನೋಡಿದಾಗ ಕಾರಿಲ್ಲ. ಬಿಳಿ ಕಲ್ಲುಗಳೂ ಇಲ್ಲ.

ಪಿಕಪ್ಪಿನ ಹಿಂದೆ ಟಾರ್ಪಾಲು ಹೊದ್ದು ಹಲ್ಲು ಕಟಕಟಿಸುತ್ತ ಕೂತ ತಂಗಿ, ಮಾತು ಬಂದ ತಕ್ಷಣ ಕೀಲಿಯಕ್ಕನ ಮುಖ ನೋಡಿ ಕೇಳುತ್ತಾರೆ: "ಎಲ್ಲಮ್ಮಾ ನಿನ್ನ ಕರಿಕಲ್ಲು? ಒಂದೊಂದೇ ಕಲ್ಲು ನೋಡ್ಕೊಂಡು ಹೋದ್ವಿ. ಸಿಗ್ಲಿಲ್ಲ ಅಂತ ತಿರುಗಿಸ್ಕೊಂಡು ಬಂದು ಮತ್ತೆ ಹುಡುಕಿದ್ವಿ. ಇಳಿದೂ ನೋಡಿದ್ವಿ. ಎಲ್ಲಿತ್ತು ಹೇಳು?"

ಕೀಲಿಯಕ್ಕನಿಗೆ ಆ ಕ್ಷಣ ಏನೂ ಅರ್ಥವಾಗುವುದಿಲ್ಲ. ಮರುದಿನ ಇಳಿತದಲ್ಲಿ ಗಂಡನ ಜೊತೆ ಹೋಗಿ ನೋಡುತ್ತಾರೆ. ಕಾರು ದಾರಿಯಿಂದಾಚೆ ಮಗುಚಿಕೊಂಡು ಬಿದ್ದಿದೆ. ತಗ್ಗಿನಲ್ಲಿ, ಹಾಲಿನಲ್ಲಿ ಅದ್ದಿ ತೆಗೆದಂಥ ಕಲ್ಲು, ಆಚೀಚೆಯ ಕಲ್ಲುಗಳ ನಡುವೆ ಗುರುತೇ ಸಿಗದಂತೆ ನಿಂತಿದೆ.

"ಮಾತು ಕೇಳದೆ ನುಗ್ಗೋರು ದಾಟಿ ಆಚೆ ಹೋಗ್ಬಿಡ್ತಿದ್ರು ಅನ್ಸುತ್ತೆ. ಈ ಇಬ್ಬರು ನಾನು ಹೇಳಿದ್ದನ್ನ ಅಕ್ಷರ ತಪ್ಪದೆ ಕೇಳಿದ್ರು. ಇಲ್ಲದ ಕಲ್ಲು ಹುಡುಕ್ತಾ ತಗ್ಗಲ್ಲೇ ನಿಂತ್ರು. ಅವರನ್ನ ಅಲ್ಲಿ ನಿಲ್ಲಿಸಿದ್ದು ನನ್ನ ಮಾತು."

ಆ ದಾರಿಯಲ್ಲಿ ತಾವು ಕೊನೆಯ ಸಲ ಹೋಗಿದ್ದು ಯಾವಾಗ ಎಂದು ಯೋಚಿಸಿದರೆ ಅವರಿಗೆ ನೆನಪಾಗುವುದಿಲ್ಲ. ಮದುವೆಯಾದ ವರ್ಷ ಒಮ್ಮೆ, ಗಂಡನ ಸೈಕಲ್ಲಿನ ಹಿಂದೆ ಕೂತು ಅರ್ಧದಾರಿಯವರೆಗೆ. ಕೋಟೆಯ ಬಾಗಿಲನ್ನು ಇವತ್ತಿಗೂ ನೋಡಿಲ್ಲ. ದಿನ ಬೆಳಗಾದರೆ ಜನರನ್ನು ಅಲ್ಲಿಗೆ ಕಳಿಸುತ್ತಿದ್ದವರು ಬಾಯಿಪಾಠ ಒಪ್ಪಿಸುತ್ತಿದ್ದರು, ಅಷ್ಟೆ. ದ್ವೀಪದ ಉಳಿದವರ ಕಥೆಯೂ ಬೇರೆಯಲ್ಲ. ಕಲ್ಲು ಬಿಳಿಯಾಗಿ ಎರಡು ದಿನವಾದರೂ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಪೇಂಟಿನವರನ್ನು ಬೈಯಲು ಊರೆಲ್ಲ ಸೇರಿತು. "ಅವರಿಗೆ ಹೇಳಿದೋರು ಯಾರು?" ಎಂದು ಅತ್ತೆ ಬಾಗಿಲಿಂದ ಕೇಳಿದಾಗ ಗುಂಪು ಚದುರಿತು.

ಅಕ್ಕತಂಗಿಯರು ಹೊರಡುವ ದಿನ ಅಂಗಳಕ್ಕೆ ಬಂದರು. ಅಕ್ಕ ಚೀಲದಿಂದ ಕೀಲಿ ತೆಗೆದು ಕೌಂಟರಿನ ಮೇಲಿಟ್ಟರು. ನೀರು ಮಂಡಿಗೆ ಬಂದಾಗ ಕೆಳಗಿಳಿದು, ಕಾರನ್ನು ಲಾಕ್ ಮಾಡಿ, ಆಮೇಲೆ ಬಾನೆಟ್ಟಿನ ಮೂಲಕ ತಲೆಗೆ ಹತ್ತಿದ್ದರಂತೆ.

"ಲಾಕ್ ಮಾಡ್ಬೇಡಿ ಅಂದಿದ್ರಿ. ಅಭ್ಯಾಸ. ಕ್ಷಮಿಸಿ," ಎಂದರು.

"ಜೀವ ಹೋಗ್ತಿರುವಾಗ ಕಾರು ಕಳುವಾಗುತ್ತೆ ಅಂತ ಭಯ ಇವಳಿಗೆ!" ಎಂದು ತಂಗಿ ನಕ್ಕರು. ನಗುತ್ತ ನಗುತ್ತಲೇ ಜೋರಾಗಿ ಅಳತೊಡಗಿದರು. ಅಕ್ಕ ಅವರ ಕೈ ಹಿಡಿದು ದೋಣಿಕಟ್ಟೆಗೆ ಇಳಿಸಿಕೊಂಡು ಹೋದರು.

ಆಮೇಲೆ ಕೆಲವು ದಿನ ಕೀಲಿಯಕ್ಕನಿಂದ ಕೀಲಿ ಕೊಡಲು ಆಗಲಿಲ್ಲ. ಜನ ಎದುರಿಗೆ ನಿಂತಿರುತ್ತಾರೆ, ಕೋಟೆಗೆ ದಾರಿ ಕೇಳುತ್ತಾರೆ, ಇವರು ಕರಿಕಲ್ಲಿನ ಮಾತು ಹೇಳಲಾಗದೆ ಕೀಲಿಯನ್ನು ಮತ್ತೆ ಗೋಡೆಯ ಹಲಗೆಗೆ ತೂಗುಹಾಕಿಬಿಡುತ್ತಾರೆ. ಗಂಡ ಗ್ರೀಸಿನ ಕೈಯಲ್ಲೇ ಓಡಿಬಂದು ಕೀಲಿ ಕೊಟ್ಟು ಕಳಿಸುತ್ತಿದ್ದರು. ಮಾಲೀಕನ ಫೋನು ಬಂತು: ಆಗುವುದಿಲ್ಲವೆಂದರೆ ಹೇಳಿ, ಬೇರೆಯವರನ್ನು ನೋಡುತ್ತೇನೆ. ಅಂಗಳ ಬಿಟ್ಟರೆ ದ್ವೀಪದಲ್ಲಿ ಇವರಿಗೆ ಬೇರೆ ಕೆಲಸವಿಲ್ಲ. ಗಂಡನ ಸೊಂಟ ಆ ಸಂಜೆಯಿಂದ ಮತ್ತೆ ನೆಟ್ಟಗಾಗಿರಲೂ ಇಲ್ಲ.

ಮರುದಿನ ಬೆಳಗಿನ ಕತ್ತಲಲ್ಲೇ ಗಂಡನ ಗಂಬೂಟು ಮೆಟ್ಟಿ, ಗ್ಯಾರೇಜಿನಿಂದ ಕಾರಿನ ತಳದ ಚಾಸಿಗೆ ಬಳಿಯುವ ಕಪ್ಪು ಪೇಂಟು ತೆಗೆದುಕೊಂಡು ಹೊರಟರು. ಬಿಳಿ ಕೆರೆದು, ಕಪ್ಪು ಬಳಿದು, ಕಾರಿನಲ್ಲಿ ಕೂತು ನೋಡಿ ಬಂದರು. ಮೊದಲ ದೋಣಿಯವರು ಎದುರಿಗೆ ನಿಂತಾಗ ಮಾತು ತಾನಾಗಿ ಬಂತು.

ಇವತ್ತಿಗೂ ಅದು ನಿಂತಿಲ್ಲ. ಬೆಳಿಗ್ಗೆ ಉಬ್ಬರವಿದ್ದರೆ ಇಳಿಯುವವರೆಗೆ ಕಾಯುತ್ತಾರೆ. ನೋಡಿ ಬರುವ ತನಕ ಕೋಟೆಗೆಂದು ಒಂದು ಕೀಲಿಯೂ ಹಲಗೆಯಿಂದ ಇಳಿಯುವುದಿಲ್ಲ, ಮಾಲೀಕ ಫೋನಿನಲ್ಲಿ ಎಷ್ಟೇ ಕಿರುಚಲಿ. ದಾರಿಯ ಎರಡೂ ತುದಿಗೆ ಈಗ ಎಚ್ಚರಿಕೆಯ ಬೋರ್ಡು ಬಂದಿದೆ. "ಬಂದಿದೆ. ಜನ ಅದರ ಪಕ್ಕ ನಿಂತು ಫೋಟೋ ತಗೋತಾರೆ," ಎನ್ನುತ್ತಾರೆ ಕೀಲಿಯಕ್ಕ, ಮುಖದಲ್ಲಿ ನಗೆಯಿಲ್ಲದೆ. ಮುಳುಗಿದ ಕಾರಿನ ಕೀಲಿ ಹಲಗೆಯ ಕೊನೆಯ ಮೊಳೆಯಲ್ಲಿ ತುಕ್ಕು ಹಿಡಿದು ತೂಗುತ್ತಿದೆ. ಬಿಸಾಕು ಎಂದು ಗಂಡ ಹೇಳಿ ಹೇಳಿ ಸುಮ್ಮನಾಗಿದ್ದಾರೆ.

ಆಸೆ ಏನಾದರೂ ಇದೆಯೇ ಎಂದು ಕೇಳಿದರೆ ಇದೆ ಎನ್ನುತ್ತಾರೆ. ಒಂದು ದಿನ ಅತ್ತೆಯನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಕೋಟೆಯವರೆಗೆ ಹೋಗಿ ಒಳಗೆ ಏನಿದೆ ಎಂದು ನೋಡಿ ಬರಬೇಕಂತೆ. "ಒಳಗೇನಿರುತ್ತೆ, ಕಲ್ಲು!" ಎಂದು ಬಾಗಿಲಿಂದ ಅತ್ತೆಯ ದನಿ. "ನಿನಗೆ ಇನ್ನೂ ಸಾಲದೇನೇ?"

ಅಷ್ಟರಲ್ಲಿ ದೋಣಿ ಬಂದಿದೆ. ಕ್ಯಾಮೆರಾ ನೇತುಹಾಕಿಕೊಂಡ ಗಂಡಸೊಬ್ಬ ಕೌಂಟರಿಗೆ ಬಂದು ಕೋಟೆಯ ದಾರಿ ಕೇಳುತ್ತಾನೆ. ಕೀಲಿಯಕ್ಕ ಕೀಲಿಯನ್ನು ತಕ್ಷಣ ಕೊಡುವುದಿಲ್ಲ. "ನಡುವೆ ಒಂದು ಕರಿಕಲ್ಲಿದೆ. ಬುಡ ಒದ್ದೆಯಾಗಿದ್ರೆ ವಾಪಸ್ ಬನ್ನಿ. ಕಲ್ಲೇ ಕಾಣಿಸ್ಲಿಲ್ಲ ಅಂದ್ರೆ ಹುಡುಕ್ತಾ ನಿಲ್ಬೇಡಿ, ಆಗ್ಲೂ ವಾಪಸ್ ಬನ್ನಿ."

"ಇರುತ್ತೆ ತಾನೇ ಕಲ್ಲು?" ಎಂದು ಅವನು ತಮಾಷೆಗೆ ಕೇಳುತ್ತಾನೆ.

ಕೀಲಿಯಕ್ಕ ಎರಡೂ ಕೈಗಳನ್ನು ಕೌಂಟರಿನ ಮೇಲೆ ಅಂಗಾತ ಇಟ್ಟು, ಮಗುಚಿ, ಉಗುರು ತೋರಿಸುತ್ತಾರೆ. ಹತ್ತು ಉಗುರಿನ ಸಂದಿಯಲ್ಲೂ ಕಪ್ಪು ಪೇಂಟು.

"ಇವತ್ತಿಂದೇ. ಇನ್ನೂ ಒಣಗಿಲ್ಲ ನೋಡಿ."