ಒಲೆಯ ಮುಂದೆ ಆಡಬಾರದ ಮಾತು

ಮೊಮ್ಮಗಳು ಪಡಸಾಲೆಯಲ್ಲಿ ಇಂಗ್ಲಿಷ್ ವ್ಯಾಕರಣ ಬಾಯಿಪಾಠ ಮಾಡುತ್ತಿದ್ದಾಳೆ. ಒಂದು ವಾಕ್ಯ ಓದುತ್ತಾಳೆ, ಅದನ್ನೇ ಪ್ರಶ್ನೆ ಮಾಡುತ್ತಾಳೆ, ಆಮೇಲೆ ಇಲ್ಲವೆನ್ನುತ್ತಾಳೆ. ಅದು ಕಿವಿಗೆ ಬಿದ್ದಾಗಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ನೀರಿಗೆಂದು ಎದ್ದು, ಕುಡಿಯದೆಯೇ ಬಂದು ಕೂತೆ. ನಿಮಗೂ ಹೀಗಾಗುವುದುಂಟೇ?

ರೋಣದಲ್ಲಿ ಮ್ಯಾಟ್ರಿಕ್ ಓದುವಾಗಲೂ ಇದೇ ಚಡಪಡಿಕೆ. ಮಾಸ್ತರರು ದಿನಕ್ಕೆ ಹತ್ತು ವಾಕ್ಯ ಕೊಡುವರು. ರಾಮ ಶಾಲೆಗೆ ಹೋಗುತ್ತಾನೆ, ಹೋಗುತ್ತಾನೆಯೇ? ಹೋಗುವುದಿಲ್ಲ. ಇಷ್ಟನ್ನು ಇಂಗ್ಲಿಷಿಗೆ ತಿರುಗಿಸುವಷ್ಟರಲ್ಲಿ ಕರೆಯದೆ ಬಂದ ಬೀಗರ ಹಾಗೆ ಎಲ್ಲಿಂದಲೋ ಒಂದು ‘ಡೂ’ ಬರುತ್ತಿತ್ತು. ಅದನ್ನು ಎಲ್ಲಿ ಕೂಡಿಸಬೇಕೆಂಬುದೇ ನನಗೆ ತಿಳಿಯುತ್ತಿರಲಿಲ್ಲ.

ಮನೆಯ ಫಜೀತಿ ಬೇರೆ. ನಮ್ಮ ಅಡುಗೆಮನೆಯಲ್ಲಿ ‘ಇಲ್ಲ’ ಎನ್ನುವ ಹಾಗಿರಲಿಲ್ಲ. ಜೋಳದ ಹಿಟ್ಟು ತೀರಿದರೆ ಅವ್ವ “ಹಿಟ್ಟು ಹೆಚ್ಚಾಗೇತಿ” ಎನ್ನುವಳು. ಅಪ್ಪ ಅರ್ಥ ಮಾಡಿಕೊಂಡು ಗಿರಣಿಯ ದಾರಿ ಹಿಡಿಯುವರು. ಒಲೆಯ ಬದಿಗೆ ಕೂತು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಇಲ್ಲವೆನ್ನುತ್ತಿದ್ದ ನನ್ನನ್ನು ಅಜ್ಜಿ ಒಂದು ದಿನ ಎಬ್ಬಿಸಿದಳು. “ಇಲ್ಲ ಇಲ್ಲ ಅಂತ ಬಡಕೊಂಡ್ರ ಮನ್ಯಾಗ ಲಕ್ಷ್ಮಿ ನಿಲ್ತಾಳೇನ? ಹಿತ್ತಲಕ್ಕ ಹೋಗಿ ಓದು.” ಅಂದಿನಿಂದ ನನ್ನ ‘ಇಲ್ಲ’ಗಳನ್ನೆಲ್ಲ ಹಿತ್ತಲಿನ ಎಮ್ಮೆಯೇ ಕೇಳಿತು, ತಕರಾರಿಲ್ಲದೆ.

ಪರೀಕ್ಷೆಗೆ ಎರಡು ತಿಂಗಳಿರುವಾಗ ಗಜೇಂದ್ರಗಡದಿಂದ ನನಗೊಂದು ಸಂಬಂಧ ಬಂತು. ಅವರಿಗೆ ಮದುವೆ ಆ ತಿಂಗಳೇ ಆಗಬೇಕು. ಓದು ಅಲ್ಲಿಗೆ ಸಾಕು. ಅಪ್ಪ ಊಟಕ್ಕೆ ಕೂತಾಗ ಕೇಳಿದರು: “ನಾಳಿ ಹೂಂ ಅಂತ ಕಾಗದಾ ಬರೀಲೇನವಾ?”

ಎಮ್ಮೆಯ ಮುಂದೆ ಶೂರಳಾಗಿದ್ದ ನಾನು ಬಾಯಿ ಬಿಡಲಿಲ್ಲ. ತಲೆ ತಗ್ಗಿಸಿದೆ. ನಮ್ಮಲ್ಲಿ ಹುಡುಗಿ ತಲೆ ತಗ್ಗಿಸಿದರೆ ಒಪ್ಪಿದಳೆಂದೇ ಲೆಕ್ಕ. ಅಪ್ಪ ನಿಶ್ಚಿಂತೆಯಿಂದ ರೊಟ್ಟಿ ಮುರಿದರು.

“ಇಲ್ಲ,” ಅಂದಳು ಅವ್ವ. ಹಂಚಿನ ಮೇಲೆ ರೊಟ್ಟಿ ಬಿಟ್ಟು ಎದ್ದು ನಿಂತಿದ್ದಳು. “ಪರೀಕ್ಷಾ ಮುಗಿಯೂತನಕಾ ಇಲ್ರಿ. ಆಕಿ ಬರೀಲಿ.”

“ಒಲಿ ಮುಂದ ನಿಂತು ಎಂಥಾ ಮಾತು ಆಡಿದ್ಯವಾ!” ಅಜ್ಜಿ ಹೌಹಾರಿದಳು.

“ಹೌದ್ರಿ ಅತ್ತಿ, ಆಡೇನಿ,” ಅಂದಳು ಅವ್ವ.

ರೊಟ್ಟಿ ಹೊತ್ತಿತು. ಅಪ್ಪ ಅದನ್ನೇ ತಿಂದು ಎದ್ದರು. ಗಜೇಂದ್ರಗಡಕ್ಕೆ ಕಾಗದ ಹೋಗಲಿಲ್ಲ. ನಾನು ಪರೀಕ್ಷೆ ಬರೆದೆ, ಪಾಸಾದೆ, ಮುಂದೆ ಇಂಗ್ಲಿಷ್ ಕಲಿಸಿಯೇ ಹೊಟ್ಟೆ ಹೊರೆದೆ.

ಕೊನೆಗೆ ತಡೆಯಲಾರದೆ ಇದನ್ನೆಲ್ಲ ಈಗ ಮೊಮ್ಮಗಳಿಗೆ ಹೇಳಿದೆ. ಅವಳು ಪುಸ್ತಕ ಮುಚ್ಚಿ ಕೇಳಿದಳು: “ಅಜ್ಜಿ, ನಿಮ್ಮವ್ವಗೂ ಸಾಲಿ ಕಲಿಯೂ ಆಸೆ ಇತ್ತೇನು?”

ಸಾಯುವತನಕ ಅವ್ವ ನನ್ನ ಹತ್ತಿರವೇ ಇದ್ದಳು.

“ಗೊತ್ತಿಲ್ಲವಾ,” ಅಂದೆ. “ನಾ ಕೇಳಲೇ ಇಲ್ಲ.”