ಸಮ್ಮೆ ಎಂದರೆ ಸಭೆಯಲ್ಲ

ಸ್ನೇಹಿತರೇ, ಕಂಪನಿ ಕೆಲಸಕ್ಕೆಂದು ತೆಲುಗರ ಊರಿಗೆ ಬಂದಿರುವ ನಾನು ಇವತ್ತು ಬೆಳಿಗ್ಗೆ ಒಂದು ತೆಲುಗು ಪದ ನನಗೆ ಗೊತ್ತಿದೆ ಎಂದುಕೊಂಡೆ.

ಮಹಡಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಮನೆಯೊಡತಿ ಶಾಂತಕ್ಕನ ಫೋನ್ ಬಡಿದುಕೊಂಡಿತು. ಅವರೂ ಕನ್ನಡದವರೇ, ಇಲ್ಲಿನ ಸರ್ಕಾರಿ ಶಾಲೆಯ ಶಿಕ್ಷಕಿ. ಅವರು ಹೇಳಿದ್ದಕ್ಕೆ ನಾನೇ ಎತ್ತಿದೆ. ಹೆಡ್‌ಮಾಸ್ಟರು. “ರೇಪು ಮೇಡಂ ಸಮ್ಮೆಲೋ ಉಂಟಾರಾ?”

ನಾಳೆ ಮೇಡಂ ಯಾವುದೋ ಸಭೆಯಲ್ಲಿ ಇರುತ್ತಾರಾ ಎಂದು ಕೇಳುತ್ತಿದ್ದಾರೆ ಎಂದುಕೊಂಡು, “ಉಂಟಾರು ಸಾರ್,” ಇರುತ್ತಾರೆ ಎಂದೆ. ಫೋನ್ ಇಟ್ಟುಬಿಟ್ಟರು.

ನಡೆದ ಮಾತು ಹೇಳಿದಾಗ ಶಾಂತಕ್ಕ ಹಣೆ ಚಚ್ಚಿಕೊಂಡರು. “ಸಮ್ಮೆ ಅಂದ್ರ ಮುಷ್ಕರ, ತಮ್ಮಾ! ನಿಮ್ಮ ಕಂಪನ್ಯಾಗ ಕೇಳದನ ಪಗಾರ ಏರತೈತಿ, ನಮ್ಮ ಸಂಘದವರು ಬೀದಿಗಿಳೀಬೇಕು. ಆದ್ರ ನನ್ನ ನೌಕರಿ ಇನ್ನೂ ಕಾಯಂ ಆಗಿಲ್ಲಲ್ಲೋ!”

ತಿರುಗಿ ಫೋನ್ ಮಾಡಿ ತಪ್ಪು ತಿದ್ದುತ್ತೇನೆ ಎಂದೆ. ಅವರು ಫೋನ್ ಕೊಡಲಿಲ್ಲ. ಉಳಿದ ಬಟ್ಟೆಯನ್ನು ಹಗ್ಗಕ್ಕೆ ಹಾಕುತ್ತಾ, “ಇರಲಿ ಬಿಡಪಾ. ಬೀದಿಗಿಳೀಬೇಕಂತ ನನಗೂ ಇತ್ತು, ಆದ್ರ ನನ್ನ ಬಾಯಾಗ ಈ ಮಾತು ಬರ್ತಿದ್ದಿಲ್ಲ,” ಎಂದರು.

ಅವರ ಬಟ್ಟೆ ಆಗಲೇ ಒಣಗಿದೆ. ನನ್ನ ಬೆವರು ಇನ್ನೂ ಒಣಗಿಲ್ಲ.