ನಡುರಸ್ತೆಯ ಬೂದುಗುಂಬಳ

ಒಡೆದ ಬೂದುಗುಂಬಳಕ್ಕೆ ಒಂದು ವಾಸನೆಯಿದೆ. ಸೌತೆಕಾಯಿಯದ್ದೂ ಅಲ್ಲ, ಹಸಿ ಹುಲ್ಲಿನದ್ದೂ ಅಲ್ಲ, ಎರಡರ ನಡುವಿನ ಒಂದು ತಣ್ಣನೆಯ ವಾಸನೆ. ಅದಕ್ಕೆ ಸ್ವಲ್ಪ ಕರ್ಪೂರ, ಸ್ವಲ್ಪ ಪೆಟ್ರೋಲು ಸೇರಿದರೆ ನಮ್ಮ ಬೆಂಗಳೂರಿನ ಆಯುಧಪೂಜೆಯಾಯಿತು. ಇವತ್ತು ಮಧ್ಯಾಹ್ನ ಕತ್ರಿಗುಪ್ಪೆಯಲ್ಲಿ ಅಕ್ಕನ ಮನೆಯ ಗೇಟು ತೆಗೆಯುವಾಗ ಅದೇ ವಾಸನೆ ಬಂತು. ಈ ವಾಸನೆಗೆ ಬೇರೆಯವರಿಗೆ ಹಬ್ಬ ನೆನಪಾಗುತ್ತದೆ, ಹೊಸ ಗಾಡಿ ನೆನಪಾಗುತ್ತದೆ. ನನಗೆ ಹನ್ನೆರಡು ವರ್ಷಗಳಿಂದ ನೆನಪಾಗುವುದು ನಾನು ಮಾಡಿದ ಘನಕಾರ್ಯ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ನಾನು ಯಾರೂ ಏನೂ ಅನ್ನದಿದ್ದರೂ ಹೆಗಲು ಮುಟ್ಟಿಕೊಳ್ಳುವವನು. ಹೇಗೂ ಬಂದಿದ್ದೀರಿ, ಕಡ್ಲೆಪುರಿ ತಿನ್ನುತ್ತಾ ಕೇಳಿ.

ಆಗ ಅಕ್ಕ ಸುಶೀಲ ಜಯನಗರದ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದಳು. ಕೆಳಗಿನ ಮನೆಯಲ್ಲಿ ಅವಳು ಮತ್ತು ಭಾವ, ಮಹಡಿಯ ಒಂಟಿ ಕೋಣೆಯಲ್ಲಿ ಮದುವೆಯಾಗದ ಗುಮಾಸ್ತ ನಾನು. ಕತ್ರಿಗುಪ್ಪೆಯಿಂದ ಜಯನಗರ ಕೂಗಳತೆಯ ದೂರವೆಂದು ನಿಮಗನ್ನಿಸಬಹುದು. ಬಸ್ಸಿನವರಿಗೆ ಹಾಗನ್ನಿಸುತ್ತಿರಲಿಲ್ಲ. ಬನಶಂಕರಿಯಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿಯಬೇಕು, ಅದೂ ಜೋತುಬಿದ್ದುಕೊಂಡು. ದಿನವಿಡೀ ಬೋರ್ಡಿನ ಮುಂದೆ ನಿಂತವಳು ಸಂಜೆ ಬಸ್ಸಿನಲ್ಲೂ ನಿಂತೇ ಬರುತ್ತಿದ್ದಳು. ಒಂದು ದಿನ ಚಪ್ಪಲಿ ಬಿಡುತ್ತಾ, "ಇನ್ನು ನಂಗೆ ಆಗಲ್ಲ. ಒಂದು ಮೊಪೆಡ್ ತಗೋತೀನಿ" ಎಂದಳು. ಮೂವತ್ತೆಂಟು ವರ್ಷದ ಟೀಚರು, ಸೈಕಲ್ಲೂ ತುಳಿದವಳಲ್ಲ. ಒಂದೂವರೆ ತಿಂಗಳು ಭಾನುವಾರದ ಬೆಳಗ್ಗೆಗಳಲ್ಲಿ ಸ್ಕೂಲಿನ ಮೈದಾನದಲ್ಲಿ ಅವಳು ಎರವಲು ತಂದ ಮೊಪೆಡ್ ಓಡಿಸುತ್ತಿದ್ದಳು, ಭಾವ ಹಿಂದಿನ ಕ್ಯಾರಿಯರ್ ಹಿಡಿದು ಓಡುತ್ತಿದ್ದರು. ಅಕ್ಕ ಕಲಿತಳು, ಭಾವನ ಹೊಟ್ಟೆ ಕರಗಿತು.

ರಸ್ತೆಯ ಮೇಲೆ ನಮ್ಮನ್ನು ಕಾಪಾಡುವುದು ಏನು ಎಂಬುದರ ಬಗ್ಗೆ ಆ ಕಾಲಕ್ಕೆ ನಮಗೆ ಬಹಳ ಸ್ಪಷ್ಟವಾದ ನಂಬಿಕೆಗಳಿದ್ದವು. ಮೊದಲನೆಯದು ಹಾರನ್ನು. ಎರಡನೆಯದು ಚಕ್ರದಡಿ ಇಟ್ಟ ನಿಂಬೆಹಣ್ಣು. ಹೆಲ್ಮೆಟ್ಟು ನನ್ನ ಬಳಿಯೂ ಇತ್ತು, ಇಲ್ಲವೆನ್ನುವುದಿಲ್ಲ. ಅದನ್ನು ಸ್ಕೂಟರಿನ ಕೈಗೆ ನೇತುಹಾಕಿಕೊಂಡು ಹೋಗಿ ಬರುವಾಗ ಅದರ ತುಂಬ ಹುರುಳಿಕಾಯಿ ತರುತ್ತಿದ್ದೆ. ಒಂದೇ ಸ್ಕೂಟರಿನಲ್ಲಿ ಅಪ್ಪ, ಅಮ್ಮ, ಮುಂದೆ ನಿಂತ ಮಗು, ನಡುವೆ ಸಿಕ್ಕಿಕೊಂಡ ಇನ್ನೊಂದು ಮಗು ಹೋಗುವುದನ್ನು ನೋಡಿದರೆ ಯಾರೂ ಗಾಬರಿಯಾಗುತ್ತಿರಲಿಲ್ಲ, ಎಷ್ಟು ಚೆನ್ನಾದ ಸಂಸಾರ ಎನ್ನುತ್ತಿದ್ದೆವು. ಇಷ್ಟರ ಮೇಲೂ ಏನಾದರೂ ಆದರೆ ಅದು ದೃಷ್ಟಿ. ದೃಷ್ಟಿಗೆ ಮದ್ದು ವರ್ಷಕ್ಕೊಮ್ಮೆ ಬೂದುಗುಂಬಳ. ಮೇಲೊಂದು ಚೌಕ ಕೊಯ್ದು, ಒಳಗೆ ಕುಂಕುಮ ತುಂಬಿ, ಕರ್ಪೂರ ಹಚ್ಚಿ, ಗಾಡಿಗೆ ಮೂರು ಸುತ್ತು ನಿವಾಳಿಸಿ ರಸ್ತೆಗೆ ಅಪ್ಪಳಿಸುವುದು. ದೃಷ್ಟಿಯೆಲ್ಲ ಕಾಯಿಗೆ ಹೋಯಿತು. ಕಾಯಿ ಎಲ್ಲಿಗೆ ಹೋಯಿತು ಎಂದು ಯಾರೂ ಕೇಳುತ್ತಿರಲಿಲ್ಲ. ಲೋಳೆ, ಬೀಜ, ಕುಂಕುಮ ಎಲ್ಲ ಕಲಸಿಕೊಂಡು ಅದು ಡಾಂಬರಿನ ಮೇಲೇ ಇರುತ್ತಿತ್ತು. ದೃಷ್ಟಿ ತೆಗೆದದ್ದನ್ನು ಮುಟ್ಟಬಾರದಲ್ಲ, ಹಾಗಾಗಿ ಗುಡಿಸುವವರೂ ಇಲ್ಲ.

ಆ ವರ್ಷ ಆಯುಧಪೂಜೆಗೆ ಸರಿಯಾಗಿ ಅಕ್ಕನ ಮೊಪೆಡ್ ಬಂತು. ಬಾಳೆಕಂದು, ಮಾವಿನ ಸೊಪ್ಪು, ಸೇವಂತಿಗೆ ಹಾರ ಎಲ್ಲ ಏರಿಸಿದ ಮೇಲೆ ಗಾಡಿ ಯಾವುದು ಎಂದು ಹುಡುಕಬೇಕಾಗಿತ್ತು. ಕಾಯಿ ಒಡೆಯುವ ಕೆಲಸ ನನ್ನದು. ಅಕ್ಕ ಎರಡು ಸಲ ಹೇಳಿದ್ದಳು: "ನಡುರಸ್ತೇಲಿ ಒಡೀಬೇಡ ಕಣೋ, ಯಾರಾದ್ರೂ ಬೀಳ್ತಾರೆ. ಮೋರಿ ಪಕ್ಕ ಒಡಿ." ನಾನು ತಲೆಯಾಡಿಸಿದೆ. ಆದರೆ ಮೋರಿ ಪಕ್ಕದಲ್ಲಿ ಮಣ್ಣು ಮೆತ್ತಗಿತ್ತು; ಹಿಂದಿನ ವರ್ಷ ಅಲ್ಲೇ ಒಡೆದಾಗ ಕಾಯಿ ಉರುಳಿ ಹೋಗಿ, ಎದುರು ಮನೆಯವರೆಲ್ಲ ನಕ್ಕಿದ್ದರು. ಕಾಯಿ ಒಂದೇ ಏಟಿಗೆ ನಾಲ್ಕು ಹೋಳಾಗಬೇಕು, ಅದರಲ್ಲಿ ಗಂಡಸಿನ ಮಾನವಿದೆ ಎಂದು ಆಗ ನಂಬಿದ್ದೆ. ಜೊತೆಗೆ ಮನೆಯ ಕುಂಕುಮವೆಲ್ಲ ಗಾಡಿಗಳಿಗೇ ಮುಗಿದುಹೋಗಿತ್ತು. ಕೇಳಿದರೆ ಬೈಗುಳ ಎಂದು ಬಾಗಿಲ ಬಳಿಯಿದ್ದ ಗುಲಾಬಿ ರಂಗೋಲಿ ಪುಡಿಯನ್ನೇ ಕಾಯಿಗೆ ಸುರಿದೆ. ಎಲ್ಲರೂ ಒಳಗೆ ಪುರಿ ಹಂಚುತ್ತಿದ್ದಾಗ ತಿರುವಿನವರೆಗೆ ನಡೆದು, ರಸ್ತೆಯ ನಟ್ಟನಡುವೆ, ಮೊದಲೇ ಬಿದ್ದಿದ್ದ ಮೂರು ಕಾಯಿಗಳ ಜೊತೆಗೆ ನನ್ನದನ್ನೂ ಅಪ್ಪಳಿಸಿದೆ. ನಾಲ್ಕೇ ಹೋಳು. ನೋಡುವುದಕ್ಕೆ ಯಾರೂ ಇರಲಿಲ್ಲ ಎಂದು ಬೇಜಾರಾಯಿತು.

ಸಂಜೆ ನಾಲ್ಕಕ್ಕೆ ಅಕ್ಕ ಹಸಿರು ರೇಷ್ಮೆ ಸೀರೆಯಲ್ಲಿ ಮೊದಲ ಸವಾರಿ ಹೊರಟಳು. ಗುಡಿಗೆ ಒಂದು ಸುತ್ತು ಹೋಗಿ, ವಾಪಸ್ಸು ಬರುವಾಗ ಅದೇ ತಿರುವಿನಲ್ಲಿ, ಮೂಲೆಮನೆಯ ಪಂಕಜಮ್ಮನವರ ಗೇಟಿನ ಮುಂದೆ ಬಿದ್ದಳು. ಹಿಂದೆಯೇ ಬರುತ್ತಿದ್ದ ನಮ್ಮ ಬೀದಿಯ ಮುನಿರಾಜುವಿನ ಆಟೋ ಅವಳಿಂದ ಒಂದು ಮೊಳ ದೂರದಲ್ಲಿ ನಿಂತಿತು. ನಾವು ಓಡಿಹೋದಾಗ ಆಟೋದ ಮುಂದಿನ ಚಕ್ರವೂ ಅಕ್ಕನ ತಲೆಯೂ ಎಷ್ಟು ಹತ್ತಿರವಿದ್ದವೆಂದರೆ, ನಡುವೆ ಒಂದು ಬೂದುಗುಂಬಳ ಇಟ್ಟಿದ್ದರೆ ಜಾಗ ಮುಗಿಯುತ್ತಿತ್ತು.

"ಮೇಡಂ ಕೈ ತೋರ್ಸಿದ್ರು ಸಾರ್, ಬಲಕ್ಕೆ ತಿರುಗ್ತಾರೆ ಅಂತ ಬ್ರೇಕ್ ಹಿಡ್ದೆ. ಇಲ್ಲಾಂದ್ರೆ..." ಎಂದು ಮುನಿರಾಜು ಬೆವರು ಒರೆಸಿಕೊಂಡ. ಅಂಥ ಹೊತ್ತಿನಲ್ಲೂ ಸರಿಯಾಗಿ ಸಿಗ್ನಲ್ ಕೊಟ್ಟಳಲ್ಲ ಎಂದು ಬೀದಿಯೇ ಅಕ್ಕನನ್ನು ಕೊಂಡಾಡಿತು.

ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿತ್ತು. ಆರು ವಾರ ಪ್ಲಾಸ್ಟರು. ಸ್ಕೂಲಿನ ಹುಡುಗಿಯರು ಅದರ ಮೇಲೆಲ್ಲ ಸೂತ್ರ ಬರೆದರು. ಒಬ್ಬಳು ತಪ್ಪಾಗಿ ಬರೆದದ್ದನ್ನು ಅಕ್ಕ ಎಡಗೈಯಲ್ಲಿ ಕೆಂಪು ಪೆನ್ನು ಹಿಡಿದು ತಿದ್ದಿದಳು. ಆದರೆ ಪ್ಲಾಸ್ಟರು ಬಿಚ್ಚಿದ ಮೇಲೂ ಅವಳು ಮೊಪೆಡ್ ಮುಟ್ಟಲಿಲ್ಲ. "ನಂಗೆ ಬ್ಯಾಲೆನ್ಸ್ ಇಲ್ಲ. ಈ ವಯಸ್ಸಲ್ಲಿ ಇದೆಲ್ಲ ನಂಗೆ ಬೇಕಿತ್ತಾ?" ಎಂದು ಮತ್ತೆ ಬಸ್ಸಿಗೆ ಹೊರಟಳು. ಗಾಡಿಗೆ ಹಳೆಯ ಬೆಡ್‌ಶೀಟು ಹೊದಿಸಿದ್ದಾಯಿತು. ಭಾವ ಮಾತ್ರ ಪ್ರತಿ ಭಾನುವಾರ ಬೆಡ್‌ಶೀಟು ತೆಗೆದು, ಸ್ಟ್ಯಾಂಡಿನ ಮೇಲೆಯೇ ಐದು ನಿಮಿಷ ಇಂಜಿನ್ ಓಡಿಸಿ, ಒರೆಸಿ, ಮತ್ತೆ ಹೊದಿಸುತ್ತಿದ್ದರು. ಏನೂ ಹೇಳುತ್ತಿರಲಿಲ್ಲ.

ಹೇಳಬೇಕಾದವನು ನಾನು. ಅವಳ ಹಸಿರು ಸೀರೆಯ ಮೇಲೆ ಅಂಗೈಯಗಲದ ಕಲೆಯಿತ್ತು, ಕುಂಕುಮದ ಕೆಂಪಲ್ಲ, ಅಪ್ಪಟ ಗುಲಾಬಿ. ಎಷ್ಟು ಒಗೆದರೂ ಹೋಗಲಿಲ್ಲ. ಯಾವ ಹೂವಿನ ಬಣ್ಣವೋ ಎಂದು ಅಕ್ಕ ಸುಮ್ಮನಾದಳು. ಬೀದಿಯಲ್ಲಿ ರಂಗೋಲಿ ಪುಡಿ ತುಂಬಿದ ಕಾಯಿ ಒಂದೇ ಎಂಬುದು ನನಗೆ ಗೊತ್ತಿತ್ತು. ತನ್ನ ಕೈಲಾಗದು ಎಂದು ಅವಳು ಕುಗ್ಗುತ್ತಿದ್ದಳು, ಅದು ನನ್ನಿಂದ ಎಂದು ಬಾಯಿಬಿಡಲು ನನಗೆ ಧೈರ್ಯ ಬರಲಿಲ್ಲ. ನಾಚಿಕೆಗೇಡು, ಆದರೆ ನಿಜ. ಬದಲಿಗೆ ಕಿತ್ತಳೆಹಣ್ಣು ತಂದುಕೊಟ್ಟೆ. ಸ್ಕೂಟರಿನಲ್ಲಿ ಸ್ಕೂಲಿಗೆ ಬಿಟ್ಟುಬಂದೆ. ಅದೂ ಸಾಲದೆ, ನಡುರಸ್ತೆಯಲ್ಲಿ ಕಾಯಿ ಒಡೆಯುವ ಬೇಜವಾಬ್ದಾರಿ ಜನರನ್ನು ಖಂಡಿಸಿ ಪತ್ರಿಕೆಯ ವಾಚಕರ ಅಂಕಣಕ್ಕೆ ಒಂದು ಪತ್ರ ಬರೆದು, ಕೆಳಗೆ 'ನೊಂದ ನಾಗರಿಕ' ಎಂದು ಸಹಿ ಮಾಡಿದೆ. ಅದು ಅಚ್ಚಾಯಿತು. ಅಕ್ಕ ಕಾಫಿ ಕುಡಿಯುತ್ತಾ ಜೋರಾಗಿ ಓದಿ, "ಯಾರೋ ಪುಣ್ಯಾತ್ಮ ಸರಿಯಾಗಿ ಬರ್ದಿದಾನೆ ನೋಡು" ಎಂದಳು. ನಾನು ಕಾಫಿ ಲೋಟ ಎತ್ತಿಕೊಂಡು ಮಹಡಿ ಹತ್ತಿದೆ.

ವರ್ಷ ಉರುಳಿ ಮತ್ತೆ ಆಯುಧಪೂಜೆ ಬಂತು. ಹಿಂದಿನ ದಿನ ಅಕ್ಕ ಹೇಳಿದಳು, "ಮೊಪೆಡ್ ನೋಡೋಕೆ ನಾಡಿದ್ದು ಒಬ್ರು ಬರ್ತಾರೆ. ವಿಜಯದಶಮಿ, ಒಳ್ಳೇ ದಿನ, ಕೊಟ್ಬಿಡೋಣ." ಭಾವ ಮುಖ ಆ ಕಡೆ ಮಾಡಿಕೊಂಡು ಬಾಳೆಕಂದಿಗೆ ದಾರ ಕಟ್ಟತೊಡಗಿದರು. ಮರುದಿನ ಪೂಜೆಯಾಯಿತು. ನಾನು ಕಾಯಿ ಹಿಡಿದು ಮೋರಿ ಪಕ್ಕ ನಿಂತೆ, ಮೇಲೆ ಕರ್ಪೂರ ಉರಿಯುತ್ತಿತ್ತು. ಎತ್ತಿದ ಕೈ ಕೆಳಗಿಳಿಯಲಿಲ್ಲ.

"ಒಡೆಯೋ, ಕರ್ಪೂರ ಆರತ್ತೆ" ಎಂದರು ಭಾವ.

"ಅಕ್ಕಾ," ಎಂದೆ, "ಹೋದ್ ವರ್ಷ ನೀನು ಬಿದ್ದದ್ದು ನನ್ನ ಕಾಯಿ ಮೇಲೆ. ನಾನು ಮೋರಿ ಪಕ್ಕ ಒಡೀಲೇ ಇಲ್ಲ. ತಿರುವಲ್ಲಿ, ನಡುರಸ್ತೇಲಿ ಒಡೆದೆ. ನಿಂಗೆ ಬ್ಯಾಲೆನ್ಸ್ ಇದೆ. ಗಾಡಿ ಮಾರ್ಬೇಡ."

ಬೀದಿಯವರೆಲ್ಲ ನಮ್ಮ ಕಡೆ ತಿರುಗಿದರು. ಅಕ್ಕ ಗಣಿತದವಳು, ಅವಳಿಗೆ ಪ್ರಮೇಯಕ್ಕೊಂದು ಸಾಧನೆ ಬೇಕು. "ನಿನ್ನ ಕಾಯೇ ಅಂತ ಹೆಂಗ್ ಹೇಳ್ತೀಯ?"

"ಸೀರೆ ಮೇಲೆ ಗುಲಾಬಿ ಬಣ್ಣ ಇದ್ಯಲ್ಲ. ಕುಂಕುಮ ಮುಗ್ದಿತ್ತು. ರಂಗೋಲಿ ಪುಡಿ ತುಂಬಿದ್ದೆ."

"ಅಯ್ಯಯ್ಯೋ, ಒಡಹುಟ್ಟಿದ ಅಕ್ಕನ್ನೇ ಬೀಳ್ಸಿದ್ಯಲ್ಲಪ್ಪಾ!" ಎಂದು ಪಂಕಜಮ್ಮ ಗೇಟಿನಲ್ಲೇ ಕೂಗಿದರು. ಮುನಿರಾಜುವಿಗೆ ಬೇರೆಯೇ ಚಿಂತೆ. "ಕುಂಕುಮ ಹಾಕ್ದೇ ಇದ್ರೆ ದೃಷ್ಟಿ ಹೋಗೋದೇ ಇಲ್ವಲ್ಲ ಸಾರ್! ನೀವು ಒಡೆದಿದ್ದೂ ದಂಡ!"

ಅಕ್ಕ ಬೈಯುತ್ತಾಳೆಂದು ಕಾದೆ. ಅವಳು ನನ್ನನ್ನು ನೋಡಿದಳು, ಪಂಕಜಮ್ಮನವರನ್ನು ನೋಡಿದಳು, ಮೊಪೆಡ್ ನೋಡಿದಳು. ಏನೋ ಲೆಕ್ಕ ಹಾಕುವವಳಂತಿದ್ದಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಭಾವನ ಕಡೆ ಕೈ ಚಾಚಿದಳು. "ರೀ, ಕೀ ಕೊಡಿ."

ಗಾಡಿ ಒಂದೇ ತುಳಿತಕ್ಕೆ ಸ್ಟಾರ್ಟ್ ಆಯಿತು, ಐವತ್ತು ಭಾನುವಾರಗಳ ಪುಣ್ಯ. ಬಾಳೆಕಂದು ಅಲ್ಲಾಡಿಸುತ್ತಾ ಅಕ್ಕ ತಿರುವು ದಾಟಿ ಕಣ್ಮರೆಯಾದಳು. ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು. ಭಾವ ಗೇಟಿನಿಂದ ತಿರುವಿಗೆ, ತಿರುವಿನಿಂದ ಗೇಟಿಗೆ ನಡೆದರು. ಮುನಿರಾಜು ಆಟೋ ತೆಗೆದು ಹುಡುಕಿಕೊಂಡು ಬರಲೇ ಎಂದ. ಮುಕ್ಕಾಲು ಗಂಟೆಗೆ ಅಕ್ಕ ಬಂದಳು, ಮುಖ ಕೆಂಪೇರಿತ್ತು, ಹಾರದಲ್ಲಿ ಅರ್ಧ ಹೂವಿರಲಿಲ್ಲ. "ಜಯನಗರದ ತನಕ ಹೋಗಿದ್ದೆ. ಸ್ಕೂಲಿಗೆ ಬೀಗ ಹಾಕಿತ್ತು" ಎಂದಳು, ರಜೆಯ ದಿನ ಬೀಗ ಹಾಕಿದ್ದೇ ಒಂದು ಸುದ್ದಿ ಎಂಬಂತೆ. ಭಾವ ನಗುತ್ತಾ ಕನ್ನಡಕ ತೆಗೆದು ಒರೆಸಿಕೊಂಡರು, ತುಂಬ ಹೊತ್ತು ಒರೆಸಿಕೊಂಡರು. ನನಗೆ ಅವತ್ತು ಆದ ಸಂತೋಷ ನನ್ನ ಮದುವೆಯ ದಿನವೂ ಆಗಲಿಲ್ಲ. ಇದು ನನ್ನ ಹೆಂಡತಿಯ ಕಿವಿಗೆ ಬೀಳುವುದಿಲ್ಲ ಎಂಬ ಧೈರ್ಯದಿಂದ ಹೇಳುತ್ತಿದ್ದೇನೆ.

ಆಮೇಲೆ ಅಕ್ಕನ ತೀರ್ಪು ಬಂತು. ಪ್ರತಿ ಆಯುಧಪೂಜೆಗೆ ಬೀದಿಯಲ್ಲಿ ಒಡೆದ ಕಾಯಿಯನ್ನೆಲ್ಲ ನಾನೇ ಗುಡಿಸಬೇಕು. "ಮುಟ್ಟಬಾರದು ಸಾರ್, ಎಲ್ರ ದೃಷ್ಟೀನೂ ನಿಮಗೇ ಹತ್ಕೊಳ್ಳುತ್ತೆ" ಎಂದು ಮುನಿರಾಜು ನಿಜವಾಗಿಯೂ ಮರುಗಿದ. ಅಕ್ಕ, "ಹತ್ಕೊಳ್ಲಿ ಬಿಡು, ಅವನನ್ನ ನೋಡಿ ಯಾರು ಹೊಟ್ಟೆ ಉರ್ಕೋತಾರೆ?" ಎಂದಳು. ಮರುವರ್ಷ ಕಡ್ಡಿಪೊರಕೆ, ಬುಟ್ಟಿ, ಅರ್ಧ ಚೀಲ ಮರಳು ಹಿಡಿದು ಇಳಿದೆ. ಅದರ ಮರುವರ್ಷ ಮುನಿರಾಜುವೇ ತಿರುವಿನ ಖಾಲಿ ಸೈಟಿನಲ್ಲಿ ಒಂದು ಗೋಣಿಚೀಲ ಹಾಸಿ, ಒಂದು ಕಲ್ಲಿಟ್ಟು, ಆಟೋ ಸ್ಟ್ಯಾಂಡಿನವರೆಲ್ಲ ಇಲ್ಲೇ ಒಡೀಬೇಕು ಎಂದ. ಚೀಲದ ಮೇಲೆ ಒಡೆದರೆ ದೃಷ್ಟಿ ಹೋಗುತ್ತದೆಯೇ ಎಂದು ಸ್ಟ್ಯಾಂಡಿನಲ್ಲಿ ಭಾರಿ ಚರ್ಚೆಯಾಯಿತಂತೆ. ಕಲ್ಲಿಗೆ ತಾಗಿದರೆ ಸಾಕು ಎಂದು ಕೊನೆಗೆ ತೀರ್ಮಾನವಾಯಿತಂತೆ. ಈಗ ಆ ಸೈಟಿನಲ್ಲಿ ನಾಲ್ಕು ಅಂತಸ್ತಿನ ಅಪಾರ್ಟ್‌ಮೆಂಟು ಎದ್ದಿದೆ, ಹೊಸಬರು ಬಂದಿದ್ದಾರೆ, ಮನೆಗೆ ಎರಡು ಗಾಡಿ, ಗಾಡಿಗೊಂದು ಕಾಯಿ, ಎಲ್ಲ ಮತ್ತೆ ನಡುರಸ್ತೆಗೆ. ಹಾಗಾಗಿ ನಾನು ಬನಶಂಕರಿಯ ಇನ್ನೊಂದು ತುದಿಗೆ ಮನೆ ಬದಲಾಯಿಸಿದ ಮೇಲೂ ಈ ದಿನ ಇಲ್ಲಿಗೆ ಬಂದೇ ಬರುತ್ತೇನೆ.

ಇವತ್ತೂ ಗುಡಿಸಿದೆ. ಅಕ್ಕ ಗೇಟಿನ ಬಳಿ ಕುರ್ಚಿ ಹಾಕಿಸಿಕೊಂಡು ಮೇಲ್ವಿಚಾರಣೆಗೆ ಕೂತಿದ್ದಳು. ಅವಳಿಗೀಗ ಐವತ್ತು, ಮೂರನೆಯ ಗಾಡಿ, ಮಲ್ಲಿಗೆ ಮುಡಿದ ತಲೆಯ ಮೇಲೆ ಹೆಲ್ಮೆಟ್ಟು. ಸೊಂಟ ಹಿಡಿದುಕೊಂಡು, "ಅಕ್ಕಾ, ಜೀವಾವಧಿ ಶಿಕ್ಷೆ ಆದವರನ್ನೂ ಒಂದಿನ ಬಿಡ್ತಾರೆ ಕಣೆ" ಎಂದೆ.

ಅವಳು ಸುಮ್ಮನೆ ನಗತೊಡಗಿದಳು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. "ಒಂದು ಮಾತು ಹೇಳ್ತೀನಿ, ಬೇಜಾರ್ ಮಾಡ್ಕೋಬೇಡ. ಅವತ್ತು ನಾನು ಬಿದ್ದಿದ್ದು ನಿನ್ನ ಕಾಯಿಂದ ಅಲ್ಲ."

"ಮತ್ತೆ?"

"ಪಂಕಜಮ್ಮ ಗೇಟಲ್ಲಿ ನಿಂತಿದ್ರಲ್ಲ. ಗಾಡಿ ಓಡಿಸೋದನ್ನ ಅವ್ರು ನೋಡ್ಲಿ ಅಂತ ಒಂದ್ ಕೈ ಬಿಟ್ಟು ಟಾಟಾ ಮಾಡ್ದೆ. ಅವ್ರು ನೋಡ್ಲೂ ಇಲ್ಲ, ಆ ಕಡೆ ತಿರುಗಿ ಯಾರಿಗೋ ಪುರಿ ಕೊಡ್ತಿದ್ರು. ಹ್ಯಾಂಡಲ್ ಓಲಾಡ್ತು, ಬಿದ್ದೆ. ಬಿದ್ಮೇಲೆ ಜಾರ್ಕೊಂಡು ಹೋಗಿ ನಿನ್ನ ಕಾಯಿ ಮೇಲೆ ಕೂತೆ."

"ಹಂಗಾದ್ರೆ ಮುನಿರಾಜು ನೋಡಿದ ಸಿಗ್ನಲ್ಲು?"

"ಅದೇ ಟಾಟಾ."

ಪೊರಕೆ ಹಿಡಿದು ಹಾಗೇ ನಿಂತೆ. ಹನ್ನೊಂದು ವರ್ಷ ಗುಡಿಸಿದ್ದೇನೆ, ಸ್ವಾಮೀ. "ನಾನು ಒಪ್ಕೊಂಡ ದಿನಾನೇ ಹೇಳ್ಬಹುದಿತ್ತಲ್ಲ!"

ಅವಳ ನಗು ನಿಂತಿತು. "ಹೇಳಿದ್ರೆ ಗಾಡಿ ಹತ್ತೋಕಾಗ್ತಿತ್ತೇನೋ? ಮಕ್ಕಳಿಗೆಲ್ಲ ಪಾಠ ಹೇಳೋಳು, ಶೋಕಿ ಮಾಡೋಕೆ ಹೋಗಿ ಬಿದ್ದೆ ಅಂತ ಒಂದು ವರ್ಷ ನನ್ನನ್ನ ನಾನೇ ಬೈಕೊಂಡಿದ್ದೆ. ನೀನು ಬಂದು ತಪ್ಪು ನಂದು ಅಂದೆ. ಮೈ ಹಗುರ ಆಗೋಯ್ತು ಕಣೋ. ಆಗ್ಲೇ ಹತ್ಬೇಕಿತ್ತು, ಇನ್ನೊಂದ್ ನಿಮಿಷ ಬಿಟ್ಟಿದ್ರೆ ಹತ್ತುತ್ತಿರ್ಲಿಲ್ಲ."

ನನಗೆ ಸಿಟ್ಟು ಬರಬೇಕಾಗಿತ್ತು. ಎಷ್ಟು ಹುಡುಕಿದರೂ ಸಿಕ್ಕಲಿಲ್ಲ. ಅಷ್ಟರಲ್ಲಿ ಹೊಸ ಸ್ಕೂಟರಿನಲ್ಲಿ ಅಪಾರ್ಟ್‌ಮೆಂಟಿನ ಹುಡುಗಿಯೊಬ್ಬಳು ತಿರುವಿನಲ್ಲಿ ಬಂದಳು. ಮುಂದೆ ಕೆಂಪು ಬಣ್ಣದ ಎಲ್ ಬೋರ್ಡು. ಅಕ್ಕನನ್ನು ಕಂಡು ಮುಖವೆಲ್ಲ ನಗುವಾಗಿ, "ಆಂಟೀ!" ಎಂದು ಒಂದು ಕೈ ಮೇಲೆತ್ತಿದಳು.

ಅಕ್ಕ ಕುರ್ಚಿಯಿಂದ ಚಂಗನೆ ಎದ್ದಳು. "ಏಯ್, ಎರಡೂ ಕೈಯಲ್ಲಿ ಹಿಡ್ಕೊಳ್ಳೇ! ನಿನ್ನ ನಾನು ನೋಡಿದೀನಿ, ನೋಡಿದೀನಿ!"

ಹುಡುಗಿ ಬೆದರಿ ಎರಡೂ ಕೈಯಲ್ಲಿ ಹಿಡಿದುಕೊಂಡು, ನಾನು ಗುಡಿಸಿದ ಜಾಗದ ಮೇಲೆ ನೆಟ್ಟಗೆ ದಾಟಿಹೋದಳು. ಅಕ್ಕ ಅವಳು ಗೇಟಿನೊಳಗೆ ಹೋಗುವವರೆಗೂ ನೋಡುತ್ತಾ ನಿಂತಿದ್ದು, ಆಮೇಲೆ ನನ್ನ ಕಡೆ ತಿರುಗಿ ಬೆರಳು ತೋರಿಸಿದಳು.

"ಆ ಕಡೆ ಬೀಜ ಉಳಿದಿದೆ ನೋಡು."

ಗುಡಿಸಿದೆ.